ಹಳೆಯ ಜಾವಾ, ಯೆಜ್ಡಿಗೆ ಯಾವ ಆಯಿಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ರಸ್ತೆಯ ಮೇಲಿವೆ. ಅಪ್ಪನಿಂದ ಮಗನಿಗೆ, ಗುಜರಿಯಿಂದ ಹುಡುಗರ ಕೈಗೆ ಬರುತ್ತಲೇ ಇವೆ. ಗಾಡಿಯ ಜೊತೆ ಮ್ಯಾನ್ಯುವಲ್ ಬರುವುದು ಮಾತ್ರ ಅಪರೂಪ. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಸೇರಿದಾಗ, ಗ್ಯಾರೇಜಿನ ಮುಂದೆ ನಿಂತಾಗ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಜಾವಾ 250, ಯೆಜ್ಡಿ 250, ರೋಡ್‌ಕಿಂಗ್‌ನಂಥ ಸಿಂಗಲ್ ಸಿಲಿಂಡರ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಉತ್ತರಗಳಿವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಎಂಜಿನ್‌ಗಳಿಗೆ ದುಬಾರಿ ಆಯಿಲ್‌ಗಿಂತ ಸರಿಯಾದ ಅಳತೆ ಮುಖ್ಯ, ಅಳತೆಯಷ್ಟೇ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್, ಅಂದರೆ ಆಯಿಲ್, ಗಾಳಿ ಒಳಗೆ ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಮುಖ್ಯ.

## ಗಾಡಿ ಈಗಷ್ಟೇ ಕೈಗೆ ಬಂದವರಿಗೆ

ಪೆಟ್ರೋಲಿಗೇ ಆಯಿಲ್ ಯಾಕೆ ಸುರೀಬೇಕು ಸಾರ್? ಬುಲೆಟ್‌ಗೆ ಹಾಕೋ ಥರ ಎಂಜಿನ್‌ಗೆ ಬೇರೆ ಆಯಿಲ್ ಇಲ್ವಾ?

ಇಲ್ಲ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತವೆ. ಆ ಕೋಣೆಯಲ್ಲಿ ಆಯಿಲ್ ತುಂಬಿಸಿಡುವ ಹಾಗಿಲ್ಲ. ಹಾಗಾಗಿ ಪೆಟ್ರೋಲಿನಲ್ಲಿ ಬೆರೆತ ಆಯಿಲ್ ಹನಿಹನಿಯಾಗಿ ಒಳಗೆ ಹೋಗಿ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡಿನ ಎರಡೂ ತುದಿ, ಪಿಸ್ಟನ್, ಸಿಲಿಂಡರ್ ಗೋಡೆ ಎಲ್ಲಕ್ಕೂ ತೆಳುವಾಗಿ ಅಂಟಿಕೊಂಡು, ಕೊನೆಗೆ ಪೆಟ್ರೋಲಿನ ಜೊತೆ ಸುಟ್ಟು ಸೈಲೆನ್ಸರಿನಿಂದ ಹೊರಬೀಳುತ್ತದೆ. ಒಮ್ಮೆ ಹೋದ ಆಯಿಲ್ ಮತ್ತೆ ತಿರುಗಿ ಬರುವುದಿಲ್ಲ. ಆಯಿಲ್ ಬೆರೆಸದ ಪೆಟ್ರೋಲಿನಲ್ಲಿ ಓಡಿಸಿದರೆ ಕೆಲವೇ ಕಿಲೋಮೀಟರಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದುಕೊಳ್ಳುತ್ತದೆ.

ಇದಲ್ಲದೆ ಗೇರ್‌ಬಾಕ್ಸ್‌ಗೆ ಬೇರೆಯೇ ಆಯಿಲ್ ಇದೆ. ಅದು ಸುಡುವ ಆಯಿಲ್ ಅಲ್ಲ. ಎರಡನ್ನೂ ಒಂದೇ ಅಂದುಕೊಂಡು 2ಟಿ (ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್) ತಂದು ಗೇರ್‌ಬಾಕ್ಸಿಗೆ ಸುರಿದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಲೀಟರಿಗೆ ಎಷ್ಟು ಎಂ.ಎಲ್. ಹಾಕ್ಲಿ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

40 ಎಂ.ಎಲ್. ಅಂದರೆ 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಜಾವಾ 250ರ ಹಳೆಯ ಮ್ಯಾನ್ಯುವಲ್ ಹೇಳುವುದೂ ಇದನ್ನೇ. ಹೊಸದಾಗಿ ಬೋರ್ ಮಾಡಿಸಿದ (ಸವೆದ ಸಿಲಿಂಡರಿನ ಒಳಗೋಡೆ ಕೊರೆಸಿದ) ಎಂಜಿನ್‌ಗೆ ರನ್ನಿಂಗ್-ಇನ್ (ಹೊಸ ಭಾಗಗಳು ಉಜ್ಜಿ ಹೊಂದಿಕೊಳ್ಳುವ ಅವಧಿ) ಮುಗಿಯುವವರೆಗೆ 50 ಎಂ.ಎಲ್., ಅಂದರೆ 20ಕ್ಕೆ 1.

ಜನ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವಿದೆ. 25:1 ಅನ್ನುವ ಲೆಕ್ಕ ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದದ್ದು ಸಾಮಾನ್ಯ ಮಿನರಲ್ ಆಯಿಲ್. ಇವತ್ತಿನ 2ಟಿ ಅದಕ್ಕಿಂತ ಎಷ್ಟೋ ಮೇಲು. ಅದಕ್ಕೇ ಕೆಲವರು ಲೀಟರಿಗೆ 30 ಎಂ.ಎಲ್. ಸಾಕು, 25 ಸಾಕು ಅನ್ನುತ್ತಾರೆ. ಇದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ. ಗಾಡಿ ಹೊಸದಾಗಿ ಕೈಗೆ ಬಂದಿದ್ದರೆ, ಒಳಗೆ ಏನು ಸವೆದಿದೆ ಅನ್ನುವುದು ಗೊತ್ತಾಗುವವರೆಗೆ 40ರಲ್ಲೇ ಇರಿ.

ಅಂಗಡೀಲಿ ಹತ್ತು ಥರದ 2ಟಿ ಇಟ್ಟಿದಾರೆ. ಡಬ್ಬದ ಮೇಲೆ ಏನ್ ನೋಡಿ ತಗೊಳ್ಳೋದು?

ಮುಂದೆ ದೊಡ್ಡದಾಗಿ ಬರೆದದ್ದನ್ನು ಬಿಡಿ. ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಅಲ್ಲಿ ಜಾಸೊ ಅಂತ ಇದ್ದು, ಪಕ್ಕದಲ್ಲಿ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಅಂತ ಇರುತ್ತದೆ. ಇದು ಜಪಾನಿನವರು ಟೂ-ಸ್ಟ್ರೋಕ್ ಆಯಿಲ್‌ಗೆ ಮಾಡಿದ ದರ್ಜೆ. ಜಾರುವ ಗುಣ, ಒಳಗೆ ಕಸ ಕಟ್ಟದ ಹಾಗೆ ತೊಳೆಯುವ ಗುಣ, ಹೊಗೆ, ಸೈಲೆನ್ಸರ್ ಕಟ್ಟಿಕೊಳ್ಳುವುದು, ಈ ನಾಲ್ಕನ್ನೂ ಪರೀಕ್ಷೆ ಮಾಡಿ ದರ್ಜೆ ಕೊಡುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜಾರುವ ಗುಣದಲ್ಲಿ ಎಫ್‌ಬಿ, ಎಫ್‌ಸಿ, ಎಫ್‌ಡಿ ಮೂರಕ್ಕೂ ಕನಿಷ್ಠ ಅಂಕ ಒಂದೇ, 95. ವ್ಯತ್ಯಾಸ ಇರುವುದು ಹೊಗೆ ಮತ್ತು ಸ್ವಚ್ಛತೆಯಲ್ಲಿ. ಹೊಗೆಯ ಪರೀಕ್ಷೆಯಲ್ಲಿ ಎಫ್‌ಬಿಗೆ 45 ಅಂಕ ಸಾಕು, ಎಫ್‌ಸಿಗೂ ಎಫ್‌ಡಿಗೂ 85 ಬೇಕು. ಅಂಕ ಹೆಚ್ಚಿದಷ್ಟೂ ಹೊಗೆ ಕಡಿಮೆ. ಪಿಸ್ಟನ್, ರಿಂಗ್ ಶುಚಿಯಾಗಿಡುವುದರಲ್ಲಿ ಎಫ್‌ಡಿ ಮುಂದು. ಆದ್ದರಿಂದ ಎಫ್‌ಸಿ ಇದ್ದರೆ ಧಾರಾಳವಾಗಿ ಸಾಕು, ಎಫ್‌ಡಿ ಸಿಕ್ಕರೆ ಇನ್ನೂ ಒಳ್ಳೆಯದು. ಐಎಸ್‌ಒ ಅಂತ ಬರೆದಿದ್ದರೆ ಇಜಿಸಿ ಅಥವಾ ಇಜಿಡಿ ನೋಡಿ. ದರ್ಜೆಯೇ ಬರೆಯದ ಡಬ್ಬವನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ.

ಬ್ರ್ಯಾಂಡ್ ಯಾವುದು ಅಂತ ಕೇಳಿದರೆ, ನಿಮ್ಮ ಊರಿನಲ್ಲಿ ವರ್ಷವಿಡೀ ಸಿಗುವಂಥದ್ದು. ಕ್ಯಾಸ್ಟ್ರಾಲ್, ಸರ್ವೊ, ಮೋಟುಲ್ ಎಲ್ಲದರಲ್ಲೂ ಈ ಗಾಡಿಗೆ ಹೊಂದುವ 2ಟಿ ಇವೆ.

ನಂದು 2022ರಲ್ಲಿ ಬಂದ ಹೊಸ ಯೆಜ್ಡಿ. ಅದಕ್ಕೂ 2ಟಿ ಹಾಕ್ಬೇಕಾ?

ಖಂಡಿತ ಬೇಡ. ಹೆಸರು ಅದೇ ಆದರೂ ಎಂಜಿನ್ ಬೇರೆ. 2018ರಲ್ಲಿ ಮರಳಿ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಎರಡೂ ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೆ ಆಯಿಲ್ ಬೆರೆಸಿದರೆ ಪ್ಲಗ್, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಹಾಳು.

ಬಂಕಲ್ಲಿ ಬೆರೆಸೋದು ಹೇಗೆ? ಮುಂಚೆ ಅವರೇ ಹಾಕಿ ಕೊಡ್ತಿದ್ರಲ್ಲ.

ಲೂನಾ, ಬಜಾಜ್ ಸ್ಕೂಟರ್‌ಗಳ ಕಾಲದಲ್ಲಿ ಬಂಕಿನವರೇ ಆಯಿಲ್ ಅಳೆದು ಬೆರೆಸಿ ಕೊಡುತ್ತಿದ್ದರು. ಈಗ ಅದು ಎಲ್ಲೋ ಕೆಲವು ಕಡೆ ಮಾತ್ರ. ನಿಮ್ಮ ಆಯಿಲ್ ನೀವೇ ಒಯ್ಯಬೇಕು.

ಔಷಧಿ ಅಂಗಡಿಯಲ್ಲಿ ಸಿಗುವ, ಗೆರೆ ಹಾಕಿದ 100 ಎಂ.ಎಲ್. ಅಳತೆ ಲೋಟ ಒಂದು ತೆಗೆದುಕೊಳ್ಳಿ. ಹಣದ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸಬೇಡಿ, ಲೀಟರ್ ಲೆಕ್ಕದಲ್ಲಿ ಹಾಕಿಸಿ. ಐನೂರು ರೂಪಾಯಿಗೆ ಎಷ್ಟು ಲೀಟರ್ ಬಂತು, ಅದಕ್ಕೆ ಎಷ್ಟು ಆಯಿಲ್ ಅಂತ ಸಾಲಿನಲ್ಲಿ ನಿಂತು ಲೆಕ್ಕ ಹಾಕುವಾಗಲೇ ಅಳತೆ ತಪ್ಪುವುದು. 5 ಲೀಟರ್ ಅಂದರೆ 200 ಎಂ.ಎಲ್., ಮುಗಿಯಿತು. ಆಯಿಲನ್ನು ಮೊದಲು ಟ್ಯಾಂಕಿಗೆ ಸುರಿಯಿರಿ, ಅದರ ಮೇಲೆ ಪೆಟ್ರೋಲ್ ಹಾಕಿಸಿ. ನಾಜಲಿನ ರಭಸಕ್ಕೆ ಅರ್ಧ ಬೆರೆತುಹೋಗುತ್ತದೆ. ಆಮೇಲೆ ಮುಚ್ಚಳ ಬಿಗಿಮಾಡಿ ಗಾಡಿಯನ್ನು ಎಡಕ್ಕೆ ಬಲಕ್ಕೆ ಚೆನ್ನಾಗಿ ಅಲ್ಲಾಡಿಸಿ.

ಆಯಿಲ್ ಸುರಿಯುವ ಮೊದಲು ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ) ಬಂದ್ ಮಾಡುವುದನ್ನು ಮರೆಯಬೇಡಿ. ಆಯಿಲ್ ಪೆಟ್ರೋಲಿಗಿಂತ ಭಾರ. ಬೆರೆಯುವ ಮೊದಲು ತಳಕ್ಕೆ ಇಳಿದು ಕಾಕ್ ಮೂಲಕ ಕಾರ್ಬೊರೇಟರಿಗೆ ಹೋದರೆ, ಬಂಕಿನಿಂದ ಹೊರಡುವಾಗ ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಇರುತ್ತದೆ.

## ದಿನಾ ಓಡಿಸುವವರಿಗೆ

ಲೂಸ್ ಆಯಿಲ್ ಅಗ್ಗ ಸಿಗುತ್ತೆ. ಹಾಕಿದ್ರೆ ಏನಾಗುತ್ತೆ?

ಡಬ್ಬದಲ್ಲಿ ಏನಿದೆ ಅನ್ನುವುದು ಮಾರುವವನಿಗೂ ಗೊತ್ತಿರುವುದಿಲ್ಲ. ವಾಯುಮಾಲಿನ್ಯದ ಕಾರಣಕ್ಕೆ ದೆಹಲಿಯಲ್ಲಿ ಲೂಸ್ 2ಟಿ ಮಾರಾಟವನ್ನು 1998ರ ಕೊನೆಯಲ್ಲೇ ನಿಲ್ಲಿಸಿದರು. ಸೀಲ್ ಇರುವ ಡಬ್ಬವನ್ನೇ ಕೊಳ್ಳಿ.

ಊರ ಕಡೆ 2ಟಿ ಸಿಗಲ್ಲ. ಟ್ರ್ಯಾಕ್ಟರಿಗೆ ಹಾಕೋ ಎಂಜಿನ್ ಆಯಿಲ್ ಬೆರೆಸಬಹುದಾ? ನಮ್ ತಾತ ಅದನ್ನೇ ಹಾಕ್ತಿದ್ರು.

ನಿಮ್ಮ ತಾತನ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. ಆಗಿನ ಎಸ್‌ಎಇ (ಆಯಿಲ್ ದಪ್ಪದ ಅಂಕಿ) 30, 40ರ ಎಂಜಿನ್ ಆಯಿಲ್‌ನಲ್ಲಿ ಬೇರೆ ರಾಸಾಯನಿಕ ಕಡಿಮೆ. ಈಗಿನ ಎಂಜಿನ್ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಜಿಂಕ್‌ನಂಥ ಲೋಹದ ಅಂಶಗಳು ಹೆಚ್ಚು. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಅವು ಬೇಕು, ಯಾಕೆಂದರೆ ಅಲ್ಲಿ ಆಯಿಲ್ ಸುಡುವುದಿಲ್ಲ. ನಮ್ಮ ಎಂಜಿನ್‌ನಲ್ಲಿ ಅವು ಸುಟ್ಟು ಬೂದಿಯಾಗಿ ಪ್ಲಗ್ಗಿನ ತುದಿಗಳ ನಡುವೆ ಕಟ್ಟಿಕೊಳ್ಳುತ್ತವೆ, ಪಿಸ್ಟನ್ ತಲೆಯ ಮೇಲೆ ಗಟ್ಟಿ ಪದರವಾಗುತ್ತವೆ. ಆ ಪದರ ಕೆಂಪಗೆ ಕಾದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ತೂತಾಗುವುದೂ ಉಂಟು.

ದಾರಿಯಲ್ಲಿ ಆಯಿಲ್ ಮುಗಿದು ಬೇರೇನೂ ಸಿಗದೇ ಹೋದರೆ ಎಂಜಿನ್ ಆಯಿಲ್ ಬೆರೆಸಿ ಮನೆ ಸೇರಿಕೊಳ್ಳಿ. ಬರೀ ಪೆಟ್ರೋಲಿನಲ್ಲಿ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಅಭ್ಯಾಸ ಮಾಡಿಕೊಳ್ಳಬೇಡಿ ಅಷ್ಟೆ.

ನಮ್ದು ಮಲ್ಪೆ. ದೋಣಿ ಔಟ್‌ಬೋರ್ಡ್ ಎಂಜಿನ್‌ದು ಒಳ್ಳೆ ಟೂ-ಸ್ಟ್ರೋಕ್ ಆಯಿಲ್ ಮನೇಲೇ ಇದೆ. ಆಗ್ತದಾ?

ಒಳ್ಳೆಯ ಆಯಿಲ್ ಹೌದು, ನಿಮ್ಮ ಬೈಕಿಗಲ್ಲ. ಔಟ್‌ಬೋರ್ಡ್ ಎಂಜಿನ್ ಸಮುದ್ರದ ನೀರಿನಿಂದಲೇ ತಣಿಯುತ್ತದೆ, ಸಿಲಿಂಡರಿನ ಬಿಸಿ ಒಂದು ಮಿತಿ ದಾಟುವುದಿಲ್ಲ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಇದ್ದರೆ ಅದು ಬೂದಿ ಬಿಡದಂತೆ, ಅಂಥ ತಂಪು ಎಂಜಿನ್‌ಗೆಂದೇ ಮಾಡಿದ್ದು. ಗಾಳಿಯಿಂದ ತಣಿಯುವ ಯೆಜ್ಡಿ ಘಾಟಿ ಹತ್ತುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆ ಬಿಸಿಯಲ್ಲಿ ಈ ಆಯಿಲ್ ನಿಲ್ಲುವುದಿಲ್ಲ.

ಗೇರ್‌ಬಾಕ್ಸಿಗೆ ಯಾವ ಆಯಿಲ್ ಹಾಕೋದು? ಕಾರಿಗೆ ತಂದ ಫುಲ್ ಸಿಂಥೆಟಿಕ್ ಉಳಿದಿದೆ, ಅದನ್ನೇ ಹಾಕ್ಲಾ?

ಕಾರಿನ ಆಯಿಲ್ ಬೇಡ. ಈ ಗಾಡಿಗಳಲ್ಲಿ ಗೇರು, ಪ್ರೈಮರಿ ಚೈನು (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವುದು), ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿವೆ. ಗೇರಿಗೆ ಜಾರಬೇಕು, ಕ್ಲಚ್ ಪ್ಲೇಟಿಗೆ ಹಿಡಿಯಬೇಕು. ಈಗಿನ ಕಾರಿನ ಆಯಿಲ್‌ಗಳಲ್ಲಿ ಮೈಲೇಜ್ ಹೆಚ್ಚಲಿ ಅಂತ ಘರ್ಷಣೆ ಕಡಿಮೆ ಮಾಡುವ ಅಂಶ ಸೇರಿಸಿರುತ್ತಾರೆ. ಅದನ್ನು ಕ್ಲಚ್ ಪ್ಲೇಟು ಕುಡಿದರೆ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದಕ್ಕೆ ಎಳೆಯುವುದಿಲ್ಲ.

ನಾನು ಹೇಳುವುದು ಎಸ್‌ಎಇ 40 ಅಥವಾ 20ಡಬ್ಲ್ಯು-40. ಮೋಟಾರ್‌ಸೈಕಲ್ಲಿಗೆಂದೇ ಮಾಡಿದ, ಜಾಸೊ ಎಂಎ ಅಥವಾ ಎಂಎ2 ಅಂತ ಬರೆದ ಸಾಧಾರಣ ಮಿನರಲ್ ಆಯಿಲ್. ಎಂಬಿ ಅಂತ ಇದ್ದರೆ ಅದು ಗೇರ್‌ಲೆಸ್ ಸ್ಕೂಟರ್‌ಗಳದ್ದು, ಬಿಡಿ. ಇಲ್ಲಿ ಆಯಿಲ್ ಸುಡುವುದಿಲ್ಲ, ಆದ್ದರಿಂದ ಮೇಲೆ ಹೇಳಿದ ಬೂದಿಯ ಭಯ ಇಲ್ಲ.

ಆಯಿಲ್ ಬದಲಿಸುವಾಗ ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಂಡು ಡ್ರೈನ್ ಬೋಲ್ಟ್ ಬಿಚ್ಚಿ, ಬಿಳಿ ಡಬ್ಬಕ್ಕೆ ಹಿಡಿಯಿರಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಹಿತ್ತಾಳೆಯ ಹಾಗೆ ಮಿನುಗಿದರೆ ಬುಷ್ (ದಂಡ ತಿರುಗುವ ಲೋಹದ ಕೊಳವೆ) ಸವೆಯುತ್ತಿದೆ. ಉಕ್ಕಿನ ಚೂರು ಸಿಕ್ಕರೆ ಗೇರಿನ ಹಲ್ಲು ನೋಡಿಸಬೇಕು. ಪೆಟ್ರೋಲ್ ವಾಸನೆ ಬಂದರೆ ಕ್ರ್ಯಾಂಕಿನ ಎಡಗಡೆ ಸೀಲ್ ಹೋಗಿದೆ. ಇಷ್ಟನ್ನು ನೋಡದೆ ಹಳೆಯ ಆಯಿಲ್ ಚೆಲ್ಲಬೇಡಿ.

ಮೆಕ್ಯಾನಿಕ್ 90 ಗೇರ್ ಆಯಿಲ್ ಹಾಕಿ ಅಂತಾನೆ. 40ಕ್ಕಿಂತ 90 ಗಟ್ಟಿ ಅಲ್ವಾ, ಒಳ್ಳೇದಲ್ವಾ?

ಎಂಜಿನ್ ಆಯಿಲ್‌ಗೂ ಗೇರ್ ಆಯಿಲ್‌ಗೂ ಅಂಕಿಯ ಅಳತೆಗೋಲು ಬೇರೆ ಬೇರೆ. 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40, 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ. ತೊಂದರೆ ಇರುವುದು ದಪ್ಪದಲ್ಲಲ್ಲ. ಲಾರಿಯ ಹಿಂದಿನ ಆಕ್ಸಲ್‌ಗೆ ಹಾಕುವ ಜಿಎಲ್-5 ದರ್ಜೆಯದಾದರೆ ಅದರಲ್ಲಿ ಗಂಧಕದ ಅಂಶ ಹೆಚ್ಚು, ತಾಮ್ರ ಸೇರಿದ ಬುಷ್‌ಗಳನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ಕ್ಲಚ್ಚಿಗೆಂದು ಮಾಡಿದ ಆಯಿಲ್ ಅಲ್ಲವಾದ್ದರಿಂದ ಬೆಳಗಿನ ಚಳಿಯಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿ ಮೊದಲ ಗೇರು ಧಡ್ ಅಂತ ಬೀಳುತ್ತದೆ. ನಿಮ್ಮ ಮೆಕ್ಯಾನಿಕ್ ಅನುಭವಸ್ಥರಿರಬಹುದು, ಆದರೂ ಈ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಹಿಂದೆ ಬರೋರು ಬೈತಾರೆ ಅಷ್ಟು ಹೊಗೆ. ಆಯಿಲ್ ಕಮ್ಮಿ ಮಾಡ್ಲಾ?

ತಡೆಯಿರಿ. ಮೊದಲು ಹೊಗೆ ಎಲ್ಲಿಂದ ಅಂತ ನೋಡೋಣ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬಂದು, ಎರಡು ಮೂರು ಕಿಲೋಮೀಟರ್ ಹೋದ ಮೇಲೆ ತೆಳುವಾದರೆ ಅದು ಸಹಜ. ರಾತ್ರಿ ಕ್ರ್ಯಾಂಕ್ ಕೋಣೆಯಲ್ಲಿ, ಸೈಲೆನ್ಸರಿನಲ್ಲಿ ನಿಂತ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಗೇರ್‌ಬಾಕ್ಸ್ ಆಯಿಲ್ ಲೆವೆಲ್ ನೋಡಿ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ, ಗೇರ್-ಕಿಕ್ ಲಿವರಿನ ಬುಡದಲ್ಲೂ ಜಿನುಗಿಲ್ಲ, ಆದರೂ ಲೆವೆಲ್ ಇಳಿಯುತ್ತಿದೆ ಅಂದರೆ ಎಂಜಿನ್ ಅದನ್ನು ಕುಡಿಯುತ್ತಿದೆ. ಕ್ರ್ಯಾಂಕಿನ ಎಡಗಡೆ, ಪ್ರೈಮರಿ ಚೈನಿನ ಕಡೆಯ ಸೀಲ್ ಸವೆದು, ಪಿಸ್ಟನ್ ಮೇಲೆ ಹೋದಾಗಲೆಲ್ಲ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ 2ಟಿ ಕಡಿಮೆ ಮಾಡಿದರೆ ಹೊಗೆ ನಿಲ್ಲುವುದಿಲ್ಲ, ಪಿಸ್ಟನ್ ಮಾತ್ರ ಒಣಗುತ್ತದೆ. ಸೀಲ್ ಬದಲಿಸಿ.

ಬಲಗಡೆ, ಡೈನಮೊ ಕಡೆಯ ಸೀಲ್ ಹೋದರೆ ಆಗುವುದೇ ಬೇರೆ, ಅದು ಇನ್ನೂ ಅಪಾಯ. ಅಲ್ಲಿ ಆಯಿಲ್ ಇಲ್ಲ, ಗಾಳಿ ಇದೆ. ಲೆಕ್ಕಕ್ಕಿಂತ ಹೆಚ್ಚು ಗಾಳಿ ಒಳಗೆ ಹೋಗಿ ಪೆಟ್ರೋಲೂ ಆಯಿಲೂ ಎರಡೂ ತೆಳುವಾಗುತ್ತವೆ. ಹೊಗೆ ಕಡಿಮೆಯಾಗಿ ಗಾಡಿ ಚೆನ್ನಾಗಿದೆ ಅನ್ನಿಸುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಕ್ಷಣ ಇಳಿಯದೆ ಏರಿಯೇ ನಿಂತಿರುವುದು ಇದರ ಗುರುತು. ಈ ಸ್ಥಿತಿಯಲ್ಲಿ ಗಾಡಿಯನ್ನು ದೂರದ ಊರಿಗೆ ತೆಗೆದುಕೊಂಡು ಹೋಗಬೇಡಿ.

ಎರಡೂ ಸೀಲ್ ಸರಿಯಿದ್ದು, ಅಳತೆಯೂ ಸರಿಯಿದ್ದು ಹೊಗೆ ಹೆಚ್ಚಾದರೆ ಆಯಿಲ್ ದರ್ಜೆ ನೋಡಿ. ಎಫ್‌ಬಿಯಿಂದ ಎಫ್‌ಸಿಗೆ ಬಂದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎರಡೂ ಸೈಲೆನ್ಸರ್ ತುದಿಯಿಂದ ಕರೀ ಎಣ್ಣೆ ತೊಟ್ಟಿಕ್ಕಿ ಪ್ಯಾಂಟೆಲ್ಲ ಕಲೆ.

ಊರೊಳಗೇ ನಿಧಾನಕ್ಕೆ ಓಡಿಸುವ ಗಾಡಿಯ ಲಕ್ಷಣ ಇದು. ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ಹೊರಗೆಳೆದು ಕಾರ್ಬನ್ ಸುಟ್ಟು ಕೆರೆದು ಹಾಕಿ. ಆಮೇಲೆ ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ.

ಈಗಷ್ಟೇ ಬೋರ್ ಮಾಡ್ಸಿ ಹೊಸ ಪಿಸ್ಟನ್ ಹಾಕ್ಸಿದೀನಿ. ಒಳ್ಳೇದಿರ್ಲಿ ಅಂತ ರೇಸಿಂಗ್ ಆಯಿಲ್ ತಂದಿದೀನಿ.

ಅದನ್ನು ಸದ್ಯಕ್ಕೆ ಎತ್ತಿಡಿ. ಹೊಸ ರಿಂಗು ಸಿಲಿಂಡರ್ ಗೋಡೆಗೆ ಉಜ್ಜಿ ಹೊಂದಿಕೊಳ್ಳಬೇಕು. ಎಸ್ಟರ್ ಬೆರೆತ ದುಬಾರಿ ರೇಸಿಂಗ್ ಆಯಿಲ್ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡು ಆ ಕೆಲಸ ನಿಧಾನವಾಗಬಹುದು. ಎಫ್‌ಸಿ ದರ್ಜೆಯ ಮಿನರಲ್ ಅಥವಾ ಸೆಮಿ-ಸಿಂಥೆಟಿಕ್, ಲೀಟರಿಗೆ 50 ಎಂ.ಎಲ್. ಹಾಕಿ. ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸದೆ ಏರಿಸಿ ಇಳಿಸಿ ಓಡಿಸಿ, ಎಂಜಿನ್ ಒದ್ದಾಡುವಷ್ಟು ಕಡಿಮೆ ವೇಗದಲ್ಲಿ ದೊಡ್ಡ ಗೇರ್ ಹಾಕಬೇಡಿ. ಕಿರ್ ಅನ್ನುವ ಸಣ್ಣ ಸದ್ದು ಬಂದು ಗಾಡಿ ತಾನಾಗಿ ತಡೆದ ಹಾಗಾದರೆ ಮರುಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಪೂರ್ತಿ ತಣ್ಣಗಾದ ಮೇಲೆ ನೋಡಿದರಾಯಿತು.

## ಆಳಕ್ಕೆ ಇಳಿಯುವವರಿಗೆ

ಸೇಫ್ಟಿಗೆ ಇರ್ಲಿ ಅಂತ ಲೀಟರಿಗೆ 60 ಎಂ.ಎಲ್. ಹಾಕ್ತೀನಿ. ಜಾಸ್ತಿ ಆದ್ರೆ ಒಳ್ಳೇದೇ ತಾನೆ?

ಈ ನಂಬಿಕೆ ಬಹಳ ಜನರಲ್ಲಿದೆ. ಕಾರ್ಬೊರೇಟರಿನ ಜೆಟ್‌ಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿಗೆ) ಪೆಟ್ರೋಲ್ ಯಾವುದು ಆಯಿಲ್ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಒಂದು ಲೆಕ್ಕದಷ್ಟು ದ್ರವವನ್ನು ಅದು ಒಳಗೆ ಬಿಡುತ್ತದೆ. 40 ಎಂ.ಎಲ್. ಹಾಕಿದಾಗ ಆ ದ್ರವದಲ್ಲಿ ಪೆಟ್ರೋಲ್ ಪಾಲು ಶೇ 96, 60 ಹಾಕಿದಾಗ ಶೇ 94. ಆಯಿಲ್ ಹೆಚ್ಚಿಸಿದಷ್ಟೂ ಗಾಳಿಗೆ ಸಿಗುವ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಲೀನ್ ಆಗುತ್ತದೆ, ಲೀನ್ ಆದರೆ ಕಾಯುತ್ತದೆ. ಶೇ 2 ಒಂದರಿಂದಲೇ ಪಿಸ್ಟನ್ ಹಿಡಿಯುವುದಿಲ್ಲ, ನಿಜ. ಆದರೆ ಸೀಲಿನಲ್ಲಿ ಸ್ವಲ್ಪ ಗಾಳಿ, ಎಥೆನಾಲ್ ಬೆರೆತ ಇ20 ಪೆಟ್ರೋಲಿನಿಂದ ಸ್ವಲ್ಪ ಲೀನ್, ಜೆಟ್‌ನಲ್ಲಿ ಸ್ವಲ್ಪ ಕಸ ಇರುವ ಹಳೆಯ ಗಾಡಿಗೆ ಅದೂ ಸೇರಿಕೊಳ್ಳುತ್ತದೆ. ಇದರ ಮೇಲೆ ಎಕ್ಸಾಸ್ಟ್ ಪೋರ್ಟಿನಲ್ಲಿ ಕಾರ್ಬನ್, ಪಿಸ್ಟನ್ನಿನ ತೋಡಿನಲ್ಲಿ ಕೂತು ಅಲುಗದ ರಿಂಗು, ಪದೇ ಪದೇ ಹೋಗುವ ಪ್ಲಗ್. 40ಕ್ಕೆ ಇಳಿಸಿ.

ಫುಲ್ ಸಿಂಥೆಟಿಕ್ ಡಬ್ಬದ ಮೇಲೆ 50:1 ಅಂತಿದೆ. ಹಾಗಾದ್ರೆ 20 ಎಂ.ಎಲ್. ಸಾಕಲ್ವಾ?

ಡಬ್ಬದ ಮೇಲಿನ ಅಂಕಿ ಆಯಿಲ್ ಬಗ್ಗೆ ಹೇಳುತ್ತದೆ, ನಿಮ್ಮ ಎಂಜಿನ್ ಬಗ್ಗೆ ಹೇಳುವುದಿಲ್ಲ. 50:1ರಲ್ಲಿ ಓಡುವ ಆಧುನಿಕ ಟೂ-ಸ್ಟ್ರೋಕ್‌ಗಳಲ್ಲಿ ಗಜನ್ ಪಿನ್‌ಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್‌ಗೆ) ಸೂಜಿ ಬೇರಿಂಗ್, ಸಿಲಿಂಡರ್ ಗೋಡೆಗೆ ನಿಕಲ್ ಲೇಪ ಇರುತ್ತದೆ. ಹಳೆಯ ಜಾವಾದಲ್ಲಿ ಗಜನ್ ಪಿನ್ ತಿರುಗುವುದು ಕಂಚಿನ ಬುಷ್‌ನಲ್ಲಿ, ಸಿಲಿಂಡರ್ ಎರಕದ ಕಬ್ಬಿಣದ್ದು. ಬುಷ್‌ಗೆ ಸೂಜಿ ಬೇರಿಂಗಿಗಿಂತ ಹೆಚ್ಚು ಆಯಿಲ್ ಬೇಕು.

ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿದ್ದು, ಸೀಲ್‌ಗಳು ಹೊಸದಾಗಿದ್ದು, ಎಫ್‌ಡಿ ದರ್ಜೆಯ ಆಯಿಲ್ ಹಾಕುತ್ತಿದ್ದರೆ ಲೀಟರಿಗೆ 33 ಎಂ.ಎಲ್.ವರೆಗೆ ಇಳಿಯಬಹುದು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಕೆಳಗೆ ಇಳಿದು ಉಳಿಸುವ ಹಣ ಒಂದು ಬೋರ್ ಮಾಡಿಸುವ ಖರ್ಚಿಗೆ ಸಾಲದು. ಅಳತೆ ಬದಲಿಸಿದಾಗಲೆಲ್ಲ ಹೊಸ ಪ್ಲಗ್ ಹಾಕಿ, ಒಂದು ಟ್ಯಾಂಕ್ ಓಡಿಸಿ, ಬಿಚ್ಚಿ ನೋಡಿ. ಪಿಂಗಾಣಿಯ ಭಾಗ ತಿಳಿ ಕಂದಾಗಿದ್ದರೆ ಸರಿ, ಬಿಳುಚಿಕೊಂಡಿದ್ದರೆ ಕಾರ್ಬೊರೇಟರ್ ಟ್ಯೂನ್ ಮಾಡಬೇಕು.

ಆಗುಂಬೆ ಹತ್ತುವಾಗ ಏನೂ ಆಗ್ಲಿಲ್ಲ, ಇಳಿಯುವಾಗ ಪಿಸ್ಟನ್ ಹಿಡ್ಕೊಳ್ತು. ಆಯಿಲ್ ಸರಿ ಇತ್ತು. ಹೇಗೆ ಸಾಧ್ಯ?

ಹತ್ತುವಾಗ ಆಕ್ಸಿಲರೇಟರ್ ತೆರೆದಿರುತ್ತದೆ, ಪೆಟ್ರೋಲಿನ ಜೊತೆ ಆಯಿಲೂ ಧಾರಾಳವಾಗಿ ಹೋಗುತ್ತದೆ. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗಾಡಿಯನ್ನು ಎರಡನೇ ಗೇರಿನ ಹಿಡಿತದಲ್ಲಿ ಬಿಡುತ್ತೀರಿ. ಎಂಜಿನ್ ಜೋರಾಗಿಯೇ ತಿರುಗುತ್ತಿದೆ, ಒಳಗೆ ಹೋಗುವ ಪೆಟ್ರೋಲ್ ಮಾತ್ರ ಐಡ್ಲಿಂಗಿನಷ್ಟು. ಆಯಿಲ್ ಇರುವುದು ಪೆಟ್ರೋಲಿನಲ್ಲೇ ಆದ್ದರಿಂದ ಅದೂ ಅಷ್ಟೇ. ಏರಿನಲ್ಲಿ ಆಗಲೇ ಕಾದಿರುವ ಪಿಸ್ಟನ್, ಇಳಿಜಾರಿನ ತಿರುವು ತಿರುವಿನಲ್ಲಿ ಒಣಗುತ್ತಾ ಬರುತ್ತದೆ.

ಚಾಮುಂಡಿ ಬೆಟ್ಟದಷ್ಟು ಸಣ್ಣ ಇಳಿಜಾರಿಗೂ ಇದೇ ಮಾತು, ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಂತೂ ಕಡ್ಡಾಯ: ಪ್ರತಿ ತಿರುವಿಗೆ ಮೊದಲು ಒಂದು ಸಲ ಕ್ಲಚ್ ಹಿಡಿದು ಆಕ್ಸಿಲರೇಟರ್ ತಿರುಗಿಸಿ ಬಿಡಿ. ಅಷ್ಟರಲ್ಲಿ ಒಂದು ಗುಟುಕು ಆಯಿಲ್ ಒಳಗೆ ಹೋಗಿರುತ್ತದೆ. ಎರಡೂ ಬ್ರೇಕ್ ಬಿಗಿಮಾಡಿಸಿಕೊಂಡೇ ಘಾಟಿಗೆ ಹೊರಡಿ, ಎಂಜಿನ್ ಒಂದನ್ನೇ ನೆಚ್ಚಿಕೊಂಡು ಇಳಿಯುವುದು ಈ ಗಾಡಿಯಲ್ಲಿ ಆಗದ ಮಾತು. ಇಳಿದ ಮೇಲೆ ಕೆಳಗೆ ಸೋಮೇಶ್ವರದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ಗಾಡಿಗೂ ಬಿಡುವು ಕೊಡಿ.

ಈಗ ಎಲ್ಲಾ ಕಡೆ ಇ20 ಪೆಟ್ರೋಲ್. 2ಟಿ ಜೊತೆ ಅದು ಬೆರೆಯುತ್ತಾ? ಬೇರೆ ಆಯಿಲ್ ಬೇಕಾ?

ಇವತ್ತಿನ ಒಳ್ಳೆಯ 2ಟಿ ಅದರಲ್ಲೂ ಬೆರೆಯುತ್ತದೆ. ಆಯಿಲ್ ಬದಲಿಸಬೇಕಾಗಿಲ್ಲ. ಯೋಚಿಸಬೇಕಾದದ್ದು ನೀರಿನ ಬಗ್ಗೆ.

ಇ20ರಲ್ಲಿ ಶೇ 20 ಎಥೆನಾಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಳೆಯ ಟ್ಯಾಂಕಿನ ಮುಚ್ಚಳದ ಸಂದಿಯಿಂದ ನೀರು ಇಳಿದು ಒಂದು ಮಿತಿ ದಾಟಿದರೆ, ನೀರೂ ಎಥೆನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಕಾಕ್ ಇರುವುದು ತಳದಲ್ಲಿ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಪದರ. ಆದ್ದರಿಂದ ಬಹಳ ದಿನ ನಿಂತ ಗಾಡಿಯನ್ನು ಹಾಗೇ ಸ್ಟಾರ್ಟ್ ಮಾಡಬೇಡಿ. ಕಾಕ್‌ನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಹಿಡಿಯಿರಿ. ಮಧ್ಯದಲ್ಲಿ ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಮುಚ್ಚಳದ ರಬ್ಬರ್ ವಾಷರ್ ಹೊಸದು ಹಾಕಿ.

ಎಥೆನಾಲ್‌ನಿಂದ ಎಂಜಿನ್ ಸ್ವಲ್ಪ ಲೀನ್ ಕೂಡ ಆಗುತ್ತದೆ. ಪ್ಲಗ್ ಬಿಳುಚಿದರೆ ಕಾರ್ಬೊರೇಟರ್ ಸೂಜಿಯ ಕ್ಲಿಪ್ ಒಂದು ಗೆರೆ ಕೆಳಗೆ ಇಳಿಸಿ, ಸೂಜಿ ಮೇಲೇರುತ್ತದೆ. ಪೆಟ್ರೋಲ್ ಪೈಪು, ಕಾಕ್ ಒಳಗಿನ ರಬ್ಬರುಗಳು ಹಳೆಯವಾಗಿದ್ದರೆ ಉಬ್ಬಿ ಮೆತ್ತಗಾಗುತ್ತವೆ, ಎಥೆನಾಲ್ ತಡೆಯುವಂಥದ್ದನ್ನು ಹಾಕಿಸಿ.

ಹರಳೆಣ್ಣೆ ಬೆರೆಸಿದ್ರೆ ಆ ಹಳೇ ರೇಸಿನ ವಾಸನೆ ಬರುತ್ತಂತೆ. ಹಾಕಬಹುದಾ?

ಹರಳೆಣ್ಣೆ ಅದ್ಭುತವಾದ ಲೂಬ್ರಿಕೆಂಟ್. ವಿಪರೀತ ಬಿಸಿಯಲ್ಲೂ ಲೋಹವನ್ನು ಬಿಡುವುದಿಲ್ಲ, ಅದಕ್ಕೇ ಹಿಂದೆ ರೇಸಿನವರು ಅದನ್ನು ನಂಬಿದ್ದರು. ಆದರೆ ಅವರು ಪ್ರತಿ ರೇಸಿನ ನಂತರ ಎಂಜಿನ್ ಬಿಚ್ಚಿ ತೊಳೆಯುತ್ತಿದ್ದರು. ಬಿಚ್ಚದೆ ಓಡಿಸಿದರೆ ಅದು ಅಂಟಾಗಿ ರಿಂಗುಗಳನ್ನು ಕಚ್ಚಿಸುತ್ತದೆ. ಗಾಣದ ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಬೆರೆಯುವುದೂ ಇಲ್ಲ, ಚಳಿಯಲ್ಲಿ ಬೇರ್ಪಡುತ್ತದೆ. ದಿನಬಳಕೆಯ ಗಾಡಿಗೆ ಬೇಡ.

ಮೂರು ನಾಲ್ಕು ತಿಂಗಳು ಗಾಡಿ ನಿಲ್ಲಿಸಿ ಹೋಗ್ಬೇಕು. ಬೆರೆಸಿದ ಪೆಟ್ರೋಲ್ ಹಾಗೇ ಬಿಡ್ಲಾ?

ಬಿಡಬೇಡಿ. ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿ. ಇಲ್ಲದಿದ್ದರೆ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ಉಳಿದು ಜೆಟ್ ಕಟ್ಟುತ್ತದೆ. ಟ್ಯಾಂಕಿನಲ್ಲಿರುವುದನ್ನು ತೆಗೆಯಿರಿ, ತುಕ್ಕು ಹಿಡಿಯದ ಹಾಗೆ ಒಳಗೆಲ್ಲ ಸ್ವಲ್ಪ 2ಟಿ ಸವರಿಕೊಳ್ಳುವಂತೆ ಅಲ್ಲಾಡಿಸಿ. ಪ್ಲಗ್ ಬಿಚ್ಚಿ ಒಂದು ಚಮಚ 2ಟಿ ಬಿಟ್ಟು ನಿಧಾನಕ್ಕೆ ಎರಡು ಕಿಕ್ ಕೊಟ್ಟು ಪ್ಲಗ್ ಹಾಕಿಡಿ.

ನನ್ನ ಅಣ್ಣ ಇಂಗ್ಲೆಂಡಲ್ಲಿದಾನೆ, ಹಳೇ ವ್ಯಾಂಕೆಲ್ ಎಂಜಿನ್ ಬೈಕ್ ತಗೊಳ್ಳೋ ಆಸೆ. ಅದೂ ಆಯಿಲ್ ಸುಡುತ್ತಂತೆ. 2ಟಿ ಹಾಕಿದ್ರೆ ಆಯ್ತಲ್ಲ?

ಯಾವ ಬೈಕ್ ಅನ್ನುವುದರ ಮೇಲೆ ಹೋಗುತ್ತದೆ. ವ್ಯಾಂಕೆಲ್‌ನಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ. ಮೂಲೆಗಳಲ್ಲಿರುವ ಸೀಲುಗಳು ಗೋಡೆಗೆ ಉಜ್ಜಿಕೊಂಡೇ ಓಡುವುದರಿಂದ ಅವಕ್ಕೆ ಆಯಿಲ್ ಬೇಕೇ ಬೇಕು, ಆ ಆಯಿಲ್ ಸುಟ್ಟೇ ಹೋಗುತ್ತದೆ. ಅಲ್ಲಿಯವರೆಗೆ ನಮ್ಮ ಟೂ-ಸ್ಟ್ರೋಕ್‌ನ ನೆಂಟನೇ ಸರಿ.

ಜರ್ಮನಿಯ ಹರ್ಕ್ಯುಲಿಸ್ ಡಬ್ಲ್ಯು-2000ದ ಮೊದಲಿನ ಗಾಡಿಗಳಲ್ಲಿ ನಮ್ಮ ಹಾಗೆಯೇ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ನಂತರದ ಗಾಡಿಗಳಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್, ಪಂಪ್ ಬಂತು. 1974ರಿಂದ 1976ರವರೆಗೆ ತಯಾರಾದ ಸುಜುಕಿ ಆರ್‌ಇ5ರ ವ್ಯವಸ್ಥೆ ಪೂರ್ತಿ ಬೇರೆ. ಅದರಲ್ಲಿ ರೋಟರ್ ಒಳಗೆ ಆಯಿಲ್ ಹರಿದು ಅದನ್ನು ತಣಿಸುತ್ತದೆ, ಬೇರಿಂಗುಗಳನ್ನು ಕಾಯುತ್ತದೆ, ಮತ್ತೆ ಮತ್ತೆ ತಿರುಗಿ ಬರುತ್ತದೆ. ಸೀಲುಗಳಿಗೆ ಬೇಕಾದದ್ದನ್ನು ಪಂಪ್ ಅಳೆದು ಕೊಡುತ್ತದೆ. ಅಂಥ ಎಂಜಿನ್ನಿನ ಸಂಪ್‌ಗೆ (ಆಯಿಲ್ ನಿಲ್ಲುವ ತೊಟ್ಟಿಗೆ) 2ಟಿ ಸುರಿದರೆ ಎಂಜಿನ್ ಉಳಿಯುವುದಿಲ್ಲ. 1987ರಲ್ಲಿ ನೂರೇ ನೂರು ಗಾಡಿ ಮಾಡಿದ ನಾರ್ಟನ್ ಕ್ಲಾಸಿಕ್‌ನಲ್ಲಿ ರೋಟರನ್ನು ತಣಿಸುವುದು ಒಳಗೆ ಹಾದುಹೋಗುವ ಗಾಳಿ. ಆಯಿಲನ್ನು ಪಂಪ್ ಸ್ವಲ್ಪ ಸ್ವಲ್ಪವಾಗಿ ಕೊಡುತ್ತದೆ, ಹೋದದ್ದು ಮರಳುವುದಿಲ್ಲ.

ಅಣ್ಣನಿಗೆ ಹೇಳಿ: ಮೊದಲು ಆ ಗಾಡಿಯ ಮ್ಯಾನ್ಯುವಲ್ ಸಂಪಾದಿಸಲಿ, ಆಯಿಲ್ ಆಮೇಲೆ. ಕೊಳ್ಳುವ ಮುಂಚೆ ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯಾ ಅಂತ ಪೈಪ್ ಬಿಚ್ಚಿಸಿ ಕಣ್ಣಾರೆ ನೋಡಲಿ. ಆ ಎಂಜಿನ್‌ಗಳ ಬಿಡಿಭಾಗ ಮೈಸೂರಿನ ಗುಜರಿಯಲ್ಲಿ ಯೆಜ್ಡಿ ಪಿಸ್ಟನ್ ಸಿಕ್ಕಿದಷ್ಟು ಸುಲಭಕ್ಕೆ ಎಲ್ಲೂ ಸಿಗುವುದಿಲ್ಲ.